ಊರಿಗೆ ಇಷ್ಟು ಸಾಕು ಬಿಡಿ!

ಬೆಂಗಳೂರಲ್ಲಿ ದುಡಿಯುವ ನಮ್ಮಂಥವರದ್ದು ಒಂದು ಪದ್ಧತಿ ಇದೆ. ಹೊಸ ಕಾರು ಬುಕ್ ಆದ ದಿನವೇ ಹಳೇ ಕಾರಿನ ಹಣೆಬರಹ ನಿರ್ಧಾರ ಆಗುತ್ತೆ. "ಮಾರಿದ್ರೆ ಏನೂ ಬರಲ್ಲ, ಅಪ್ಪನಿಗೆ ಕಳಿಸೋಣ. ಊರಲ್ಲಿ ಓಡಾಡೋಕೆ ಸಾಕು." ಕೇಳಿದವರೆಲ್ಲ ಮೆಚ್ಚುತ್ತಾರೆ, ಮಗ ಅಪ್ಪನಿಗೆ ಕಾರು ಕೊಟ್ಟ ಅಂತ. ನಾನೂ ಕೊಟ್ಟೆ. ಸೆಕೆಂಡ್ ಹ್ಯಾಂಡ್ ಕೊಂಡು ನಾಲ್ಕು ವರ್ಷ ಸವೆಸಿದ, ಹನ್ನೊಂದು ವರ್ಷ ಹಳೆಯ ಕಾರು ಮೂಡಲಗಿ ಹತ್ತಿರದ ನಮ್ಮೂರು ಸೇರಿತು. ಕಳಿಸೋ ಮುಂಚೆ ಪಾಲಿಶ್ ಮಾಡಿಸಿದೆ, ಹೊಸ ಸೀಟ್ ಕವರ್ ಹಾಕಿಸಿದೆ. ಬ್ರೇಕ್ ನೋಡಿಸಲಿಲ್ಲ.

ಆರು ತಿಂಗಳಾದ ಮೇಲೆ ಅಪ್ಪ ಫೋನ್ ಮಾಡಿದ. "ತಮ್ಮಾ, ಬ್ರೇಕ್ ಯಾಕೋ ಮೆತ್ತಗ ಆಗೇತಿ ನೋಡು." ನಾನು ಮೀಟಿಂಗ್ ನಡುವೆ ಇದ್ದೆ. "ಹಳೇ ಗಾಡಿ ಅಪ್ಪಾ, ಹಂಗ ಇರತೈತಿ. ಗ್ಯಾರೇಜಿನ್ಯಾಗ ತೋರಸು" ಅಂದೆ. ತೋರಿಸಿದ. ಅಲ್ಲಿ ಬ್ರೇಕ್ ಪ್ಯಾಡ್ ಬದಲಿಸಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಆಗ ಪೈಪಿನ ಗಾಳಿ ತೆಗೆದರು. ಎರಡೂ ಸಲ ದುಡ್ಡು ಕಳಿಸಿದ್ದು ನಾನೇ. ಕರ್ತವ್ಯ ಮುಗೀತು ಅಂದುಕೊಂಡೆ.

ಡಿಸೆಂಬರಿನಲ್ಲಿ ಊರಿಗೆ ಹೋದೆ. ಹುಕ್ಕೇರಿಯ ಅಕ್ಕನ ಮನೆಯಿಂದ ವಾಪಸ್ ಬರುವಾಗ ಅಪ್ಪನೇ ಓಡಿಸುತ್ತಿದ್ದ. ಕೊಣ್ಣೂರು ದಾಟಿ, ಫಾಲ್ಸ್ ಕಡೆಯಿಂದ ಗೋಕಾಕಕ್ಕೆ ಇಳಿಯುವ ರಸ್ತೆ. ಕಬ್ಬಿನ ಹಂಗಾಮು. ಮುಂದೆ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ಆಗ ಅಪ್ಪನ ಕಾಲು ನೋಡಿದೆ. ಬ್ರೇಕ್ ಒಮ್ಮೆ ಒತ್ತಿದ, ಬಿಟ್ಟ, ಮತ್ತೆ ಒತ್ತಿದ.

"ಎರಡ ಸಲ ಒತ್ತಿದ್ರ ಹಿಡೀತೈತಿ. ರೂಢಿ ಆಗೇತಿ" ಅಂದ.

ರೂಢಿ! ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತೆ. ಎರಡನೇ ಸಲ ಒತ್ತೋಕೆ ಅರ್ಧ ಸೆಕೆಂಡ್ ಹಿಡಿದರೂ 8 ಮೀಟರ್ ಹೋಯಿತು. ಟ್ರೇಲರಿನಿಂದ ಹೊರಗೆ ಚಾಚಿದ ಕಬ್ಬು ಅಷ್ಟು ದೂರ ಕಾಯುತ್ತಾ?

ಆ ರಾತ್ರಿ ಗಾಡಿ ಗೋಕಾಕದಲ್ಲೇ ಬಿಟ್ಟು ಬಸ್ಸಿಗೆ ಹೋದೆವು. ಮರುದಿನ ಅಲ್ಲಿನ ಒಬ್ಬ ಹಿರಿಯ ಮಿಸ್ತ್ರಿ ಬಂದರು. ಪಾನಾ ಕೈಗೆ ತಗೊಳ್ಳಲೇ ಇಲ್ಲ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ನೋಡಿದರು. ಮಟ್ಟ ಸರಿ ಇತ್ತು, ಬಣ್ಣ ಮಾತ್ರ ಕಷಾಯದಂತೆ. ನಾಲ್ಕೂ ಚಕ್ರದ ಒಳಬದಿಗೆ ಬಗ್ಗಿ ನೋಡಿದರು, ಎಲ್ಲೂ ಹಸಿ ಇಲ್ಲ. ಆಮೇಲೆ ನನ್ನನ್ನು ಕೂರಿಸಿ, "ಇಂಜಿನ್ ಬಂದ್ ಇರಲಿ. ನಾಕೈದ ಸಲ ಒತ್ರಿ. ಈಗ ಒತ್ತಿ ಹಿಡಕೊಂಡ ಕುಂದರ್ರಿ" ಅಂದರು. ಮೊದಲು ಪೆಡಲ್ ಗಟ್ಟಿಯಾಗಿ ನಿಂತಿತು. ಆಮೇಲೆ ನಿಧಾನಕ್ಕೆ, ತಾನಾಗೇ ಕೆಳಗಿಳಿಯಿತು.

"ಮಾಸ್ಟರ್ ಸಿಲಿಂಡರ್ ಹೋಗೇತ್ರಿ. ಒಳಗಿನ ರಬ್ಬರ್ ಸೀಲ್ ಸವದಾವು. ಆಯಿಲ್ ಹೊರಗ ಸೋರಂಗಿಲ್ಲ, ಒಳಗಿಂದೊಳಗ ಹಿಂದಕ್ಕ ಹೊಕ್ಕೇತಿ."

ಒಂದೇ ನಿಮಿಷ. ಒಂದು ಬೋಲ್ಟೂ ಬಿಚ್ಚಲಿಲ್ಲ. ಗಾಳಿ ತೆಗೆಯುವಾಗ ಪೆಡಲನ್ನು ತಳ ಮುಟ್ಟುವಂತೆ ಒತ್ತುತ್ತಾರೆ. ಹಳೇ ಸಿಲಿಂಡರಿನಲ್ಲಿ ಸೀಲುಗಳು ಎಂದೂ ಹೋಗದ, ತುಕ್ಕು ಕೊಳೆ ಕೂತ ಜಾಗಕ್ಕೆ ಹೋಗಿ ಹರಿಯಬಹುದು. ಅಂದರೆ ನಾನು ದುಡ್ಡು ಕೊಟ್ಟು ಮಾಡಿಸಿದ ರಿಪೇರಿಯೇ ರೋಗ ಹೆಚ್ಚಿಸಿರಬಹುದು.

"ಮೆಕ್ಯಾನಿಕ್‌ಗಳೆಲ್ಲ ಹಂಗೇ" ಅಂತ ಇಲ್ಲಿಗೆ ಕೈತೊಳೆದುಕೊಳ್ಳಬಹುದು. ಆದರೆ ನಾವೇನು ಕಮ್ಮಿ? ಸಾಮಾನು ಹಾಕಿದ್ದಕ್ಕೆ ದುಡ್ಡು ಕೊಡ್ತೀವಿ, ಸಮಸ್ಯೆ ಹುಡುಕಿದ್ದಕ್ಕೆ ಕೊಡಲ್ಲ. "ಸುಮ್ನೆ ನೋಡಿದ್ದಕ್ಕೆ ಯಾಕ್ರೀ ಚಾರ್ಜು?" ಅಂತ ಜಗಳಕ್ಕೆ ನಿಲ್ತೀವಿ. ಆಫೀಸಿನಲ್ಲಿ ಕಾರಣ ಬರೆಯದೆ ಒಂದು ಟಿಕೆಟ್ ಕ್ಲೋಸ್ ಮಾಡದ ನಾವು, ಅಪ್ಪನ ಬ್ರೇಕಿನ ವಿಷಯದಲ್ಲಿ "ಪ್ಯಾಡ್ ಹಾಕಿದ್ರಂತೆ" ಅಂತ ಕೇಳಿ ಸುಮ್ಮನಾಗ್ತೀವಿ.

ಎಲ್ಲ ರೋಗಕ್ಕೂ ಪ್ಯಾಡೇ ಮದ್ದಲ್ಲ. ಪೆಡಲ್ ಸ್ಪಂಜಿನಂತಿದ್ದರೆ ಪೈಪಿನಲ್ಲಿ ಗಾಳಿ ಇರಬಹುದು. ಕಲ್ಲಿನಂತೆ ಗಟ್ಟಿಯಾದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ನೋಡಿಸಿ. ಗಾಡಿ ಒಂದು ಪಕ್ಕಕ್ಕೆ ಎಳೆದರೆ ಕ್ಯಾಲಿಪರ್ ಜಾಮ್ ಆಗಿರಬಹುದು, ಬ್ರೇಕ್ ಹೋಸ್ ಒಳಗೇ ಕಟ್ಟಿಕೊಂಡಿರಬಹುದು. ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ನೋಡಿಸಿ. ಹಿಂದಿನ ಚಕ್ರದ ಒಳಗೆ ಹಸಿಯಾಗಿದ್ದರೆ ವ್ಹೀಲ್ ಸಿಲಿಂಡರ್ ಸೋರುತ್ತಿರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕೈಕೊಡೋದು ಹೀಗೂ ಉಂಟು. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು.

ಸರ್ಕಾರವಾದರೂ ಕೇಳುತ್ತಾ? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅಲ್ಲಿಯವರೆಗೆ ಹೊಗೆ ಎಷ್ಟು ಬಿಡುತ್ತೆ ಅಂತ ಪರೀಕ್ಷೆ ಮಾಡಿಸಲೇಬೇಕು. ನಿಲ್ಲುತ್ತಾ ಅಂತ ಕಡ್ಡಾಯವಾಗಿ ಕೇಳುವವರಿಲ್ಲ. ಕೇಳಬೇಕಾದವರು ನಾವೇ.

"ಊರಲ್ಲಿ ಅಷ್ಟೇನ್ ಸ್ಪೀಡಾಗಿ ಓಡಿಸ್ತಾರೆ?" ಅಂತ ನನ್ನ ಗೆಳೆಯ ಕೇಳಿದ. ನಮ್ಮಲ್ಲಿ ಸಿಗ್ನಲ್ ಇಲ್ಲ, ಬೀದಿದೀಪ ಇಲ್ಲ. ತಿರುವಿನಲ್ಲಿ ಎಮ್ಮೆ ಇರುತ್ತೆ, ಕತ್ತಲಲ್ಲಿ ಪಂಕ್ಚರಾದ ಟ್ರೇಲರ್ ನಿಂತಿರುತ್ತೆ. ಒಳ್ಳೆ ಬ್ರೇಕ್ ಬೇಕಾಗಿರೋದು ಸಿಲ್ಕ್ ಬೋರ್ಡಿನಲ್ಲಿ ತೆವಳುವ ನಮಗಿಂತ ಅವರಿಗೆ.

ಮಾಸ್ಟರ್ ಸಿಲಿಂಡರ್ ಪೂರ್ತಿ ಹೊಸದು ಹಾಕಿಸಿದೆ. ಅಪ್ಪ ಇನ್ನೂ ಎರಡೆರಡು ಸಲ ಒತ್ತುತ್ತಾನೆ. ನಾನು ಹತ್ತಿಸಿದ ರೂಢಿ, ಬೇಗ ಬಿಡಲ್ಲ.

ಮುಂದಿನ ಸಲ ಊರಿಗೆ ಹೋದಾಗ ಕರದಂಟಿನ ಡಬ್ಬಿ ಕಟ್ಟಿಸೋ ಮುಂಚೆ ಒಂದು ನಿಮಿಷ ಗಾಡಿಯಲ್ಲಿ ಕೂತು ಬ್ರೇಕ್ ಒತ್ತಿ ಹಿಡಿಯಿರಿ. ಪೆಡಲ್ ಇಳಿದರೆ ಕೀಲಿ ನಿಮ್ಮ ಕಿಸೆಯಲ್ಲಿರಲಿ, ಮಿಸ್ತ್ರಿಯನ್ನು ಮನೆಗೇ ಕರೆಸಿ. ನಾಳೆ ನೋಡೋಣ ಅನ್ನಬೇಡಿ.