ಯುಗಾದಿ ಹೋಳಿಗೆ, ಮಾರ್ಚಿನ ಹಾಕಿ

ಹಾಕಿ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡ ಸೇರಿಸಿ ಶುರುಮಾಡಿದ ಹಾಕಿ ಹಬ್ಬ, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಿಗೆ ಬೆಳೆದಿತ್ತು. ಅಲ್ಲಿ ಸೋತವರು ಅಂದೇ ಗಂಟುಮೂಟೆ ಕಟ್ಟಬೇಕು, ನಿಜ. ಆದರೆ ಮುಂದಿನ ವರ್ಷ ಅದೇ ಮನೆತನದ ಹೆಸರಲ್ಲಿ ಮತ್ತೆ ಬರಬಹುದು. ಇಲ್ಲಿಯ ಕಾಲೇಜು ಐಸ್ ಹಾಕಿಯಲ್ಲಿ ಕೊನೆಯ ವರ್ಷದ ಹುಡುಗರಿಗೆ ಆ ಅನುಕೂಲ ಇಲ್ಲ.

ಡಿವಿಜನ್ ಒನ್ ಪುರುಷರ ಹಾಕಿಯಲ್ಲಿ ಕಾನ್ಫರೆನ್ಸ್ ಎಂಬ ಆರು ಗುಂಪುಗಳಿವೆ. ಅಕ್ಟೋಬರಿನಿಂದ ಆಡಿದ್ದೆಲ್ಲ ಒಂದು ತೂಕ, ನಮ್ಮ ಯುಗಾದಿಯ ಆಸುಪಾಸಿನಲ್ಲಿ ನಡೆಯುವ ಗುಂಪಿನ ಚಾಂಪಿಯನ್‌ಶಿಪ್ಪೇ ಒಂದು ತೂಕ. ಗೆದ್ದವರಿಗೆ 16 ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ನೇರ ಜಾಗ. ವರ್ಷವಿಡೀ ಎಡವಿದ ತಂಡಕ್ಕೂ ಇದೇ ಕೊನೆಯ ಬಾಗಿಲು. ಆದ್ದರಿಂದ ಯಾರೂ ಬಿಟ್ಟುಕೊಡುವುದಿಲ್ಲ. ಸಮವಾದರೆ ಗೋಲು ಬೀಳುವವರೆಗೆ ಇಪ್ಪತ್ತಿಪ್ಪತ್ತು ನಿಮಿಷ ಆಡುತ್ತಲೇ ಇರಬೇಕು. 2015ರ ಮಾರ್ಚ್ 6ರಂದು ಹಾಕಿ ಈಸ್ಟ್ ಗುಂಪಿನ ಮೊದಲ ಸುತ್ತಿನಲ್ಲಿ ಮ್ಯಾಸಚೂಸೆಟ್ಸ್ ತಂಡ ನೋಟರ್ ಡೇಮನ್ನು 4-3ರಿಂದ ಸೋಲಿಸಿದ್ದು ಐದನೆಯ ಹೆಚ್ಚುವರಿ ಅವಧಿಯಲ್ಲಿ! 60 ನಿಮಿಷದ ಆಟ 151 ನಿಮಿಷ 42 ಸೆಕೆಂಡು ಎಳೆಯಿತು. ಬೆಳಗಿನವರೆಗೆ ಯಕ್ಷಗಾನ ನೋಡಿ ಬೆಳೆದ ನನಗೂ ಇದು ಸ್ವಲ್ಪ ಅತಿಯಾಯಿತು ಅನಿಸಿತು.

ಕ್ಯಾಲಿಫೋರ್ನಿಯಾದ ಯಾವ ಕಾಲೇಜಿಗೂ ಈ ಮಟ್ಟದ ತಂಡವಿಲ್ಲ. ಸ್ಟ್ಯಾನ್‌ಫರ್ಡಿನದ್ದೂ ವಿದ್ಯಾರ್ಥಿಗಳ ಕ್ಲಬ್ ತಂಡ. ಹಾಗಾಗಿ ನಮ್ಮ ಪಾಲೋ ಆಲ್ಟೋದ ಸ್ನೇಹಿತರೊಬ್ಬರ ಮಗ ಹಾಕಿಗಾಗಿಯೇ ಪೂರ್ವಕ್ಕೆ ಹೋದ. ಅವನು ಸ್ಕೇಟಿಂಗ್ ಕಲಿತದ್ದು ಮಿಡಲ್‌ಫೀಲ್ಡ್ ರಸ್ತೆಯ ವಿಂಟರ್ ಲಾಡ್ಜಿನಲ್ಲಿ. 1956ರ ಆ ಬಯಲು ರಿಂಕು ಕಟ್ಟಡಗಳ ಪಾಲಾಗಲಿದ್ದಾಗ 1985ರಲ್ಲಿ ಊರಿನವರು ಮತ ಹಾಕಿ ಉಳಿಸಿಕೊಂಡರು. ಚಳಿಗೆ ಹೆದರಿ ಕಾರಿನಲ್ಲೇ ಕೂತು ಥರ್ಮಾಸಿನ ಕಾಫಿ ಕುಡಿಯುತ್ತಿದ್ದ ಅವನ ಅಮ್ಮ, "ಭರತನಾಟ್ಯಕ್ಕೆ ಸೇರಿಸಿದ್ದರೆ ಒಳಗೆ ಬೆಚ್ಚಗಾದರೂ ಇರಬಹುದಿತ್ತು" ಎನ್ನುತ್ತಿದ್ದರು.

ಕಾಲೇಜಿನಲ್ಲಿ ಹುಡುಗ ಮೂರನೆಯ ಗೋಲ್‌ಕೀಪರ್. ಅಂದರೆ ಇನ್ನಿಬ್ಬರಿಗೆ ಏನಾದರೂ ಆದರಷ್ಟೇ ಅವನ ಸರದಿ. ನಾಲ್ಕು ವರ್ಷದಲ್ಲಿ ಯಾರಿಗೂ ಏನೂ ಆಗಲಿಲ್ಲ. ಅಪ್ಪ ಅಮ್ಮ ಮಾತ್ರ ಪ್ರತಿ ಪಂದ್ಯವನ್ನೂ ಕಂಪ್ಯೂಟರಿನಲ್ಲಿ ನೋಡಿದರು, ಕ್ಯಾಮೆರಾ ಬೆಂಚಿನ ಕಡೆ ತಿರುಗಲಿ ಎಂದು ಕಾಯುತ್ತಾ.

ಅವನ ಕೊನೆಯ ವರ್ಷದ ಚಾಂಪಿಯನ್‌ಶಿಪ್ ದಿನ ನಾವೂ ಅವರ ಮನೆಯಲ್ಲಿದ್ದೆವು. ಪೂರ್ವದಲ್ಲಿ ರಾತ್ರಿ ಏಳು, ಇಲ್ಲಿ ಸಂಜೆ ನಾಲ್ಕು. ಯುಗಾದಿಗೆಂದು ಹೂರಣ ರುಬ್ಬಿ ಇಟ್ಟಿತ್ತು. ಪಂದ್ಯ ಸಮವಾಯಿತು, ಹೆಚ್ಚುವರಿ ಅವಧಿ ಬಂತು. ಬೇಯುತ್ತಿದ್ದ ಹೋಳಿಗೆಯನ್ನು ಹೆಂಚಿನ ಮೇಲೇ ಬಿಟ್ಟು ಆಕೆ ಓಡಿ ಬಂದರು. ಎದುರಾಳಿಯ ಪಕ್ ಯಾರದೋ ಸ್ಕೇಟಿಗೆ ತಾಗಿ ಒಳಗೆ ಹೋಯಿತು. ಅಷ್ಟೇ, ಮುಗಿಯಿತು. ಗೋಲ್‌ಕೀಪರ್ ಮೊಣಕಾಲೂರಿ ಕೂತೇ ಇದ್ದ. ಬೆಂಚಿನಿಂದ ಜಿಗಿದು ಎಲ್ಲರಿಗಿಂತ ಮೊದಲು ಅವನ ಬಳಿ ಹೋದದ್ದು ನಮ್ಮ ಹುಡುಗ. ಆ ವರ್ಷ ಪಂದ್ಯವೊಂದರಲ್ಲಿ ಅವನು ಮಂಜಿನ ಮೇಲೆ ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು.

ಒಂದು ಗಂಟೆಯ ಮೇಲೆ ಫೋನ್ ಬಂತು. "ಅಮ್ಮಾ, ಪ್ಯಾಡ್ ಎಲ್ಲ ವಾಪಸ್ ಕೊಟ್ಟುಬಿಟ್ಟೆ" ಅಂದ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಊಟ ಆಯ್ತೇನೋ?" ಎಂದು ಕೇಳಿದರು.