ಹಿತವೆಂದು ಕೊಟ್ಟ ಗುಳಿಗೆ

ಮಗುವಿಗೆ ಥಲಸ್ಸೀಮಿಯ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಕೊಡಿಸಿಕೊಂಡು ಬರಬೇಕು. ಊರಿನಿಂದ ಬಂದ ಸೋದರಮಾವ ಅದರ ಬಿಳಿಚಿದ ಮುಖ ಕಂಡು ಮರುಗುತ್ತಾನೆ. ಸಂಜೆ ಔಷಧದ ಅಂಗಡಿಯಿಂದ ಕಿತ್ತಳೆ ಬಣ್ಣದ ಗುಳಿಗೆಗಳನ್ನು ತರುತ್ತಾನೆ. “ಬರಿಯ ವಿಟಮಿನ್ ‘ಸಿ’ ಅಕ್ಕ, ಇದರಿಂದ ಕೆಡುಕೇನು?” ಎನ್ನುತ್ತಾನೆ. ಯಾರ ಮನೆಯಲ್ಲಾದರೂ ನಡೆಯಬಹುದಾದ ಪ್ರಸಂಗವಿದು. ಪ್ರೀತಿಯಲ್ಲಿ ದೋಷವಿಲ್ಲ, ಆದರೆ ಆ ಗುಳಿಗೆ ಈ ಮಗುವಿಗೆ ಸಲ್ಲದು.

ಏಕೆಂಬುದನ್ನು ತಿಳಿಯಬೇಕಾದರೆ ಕಬ್ಬಿಣದ ಲೆಕ್ಕವನ್ನು ನೋಡಬೇಕು. ಬೆಳೆದ ಮನುಷ್ಯನ ದೇಹದಲ್ಲಿರುವ ಕಬ್ಬಿಣ 3-4 ಗ್ರಾಂ ಮಾತ್ರ. ಆಹಾರದಿಂದ ದಿನಕ್ಕೆ 1-2 ಮಿಲಿಗ್ರಾಂ ಒಳಗೆ ಬರುತ್ತದೆ, ಅಷ್ಟೇ ಹೊರಗೆ ಹೋಗುತ್ತದೆ. ಹೆಚ್ಚಾದುದನ್ನು ಹೊರದೂಡುವ ದಾರಿಯನ್ನು ಪ್ರಕೃತಿ ನಮಗೆ ಇಟ್ಟಿಲ್ಲ. ದಾನಿಯೊಬ್ಬರ ಒಂದು ಚೀಲ ರಕ್ತದಲ್ಲಾದರೋ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ವರ್ಷಗಟ್ಟಲೆ ರಕ್ತ ಪಡೆಯುವವರಲ್ಲಿ ಇದು ಯಕೃತ್ತು, ಹೃದಯ, ಗ್ರಂಥಿಗಳಲ್ಲಿ ಸೇರಿಕೊಳ್ಳುತ್ತದೆ. ಥಲಸ್ಸೀಮಿಯ ರೋಗಿಗಳ ಪ್ರಾಣಕ್ಕೆ ಬಹುಕಾಲದಿಂದ ಎರವಾಗಿರುವುದು ಮುಖ್ಯವಾಗಿ ಹೀಗೆ ಕೆಟ್ಟ ಹೃದಯವೇ.

ವಿಟಮಿನ್ ‘ಸಿ’ ಇಲ್ಲಿ ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣ ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುವಂತೆ ಮಾಡುವುದು. ರಕ್ತಹೀನರಿಗೆ ಸೊಪ್ಪಿನ ಪಲ್ಯದ ಮೇಲೆ ನಿಂಬೆರಸ ಹಿಂಡಿಕೊಳ್ಳಿರೆಂದು ಹೇಳುವುದು ಇದಕ್ಕಾಗಿಯೇ. ಎರಡನೆಯದು ಇನ್ನೂ ಅಪಾಯದ್ದು. ಅಂಗಾಂಶಗಳಲ್ಲಿ ಅಡಗಿ ಕುಳಿತ ಕಬ್ಬಿಣವನ್ನು ಅದು ಎಬ್ಬಿಸಿ ಹೊರಡಿಸುತ್ತದೆ. ಬಂಧನ ಕಳಚಿದ ಆ ಕಬ್ಬಿಣ ಹೃದಯದ ಸ್ನಾಯುವಿಗೆ ಕೇಡು ಮಾಡಬಲ್ಲದು. ಒಂದು ಗುಳಿಗೆಯಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ ಇರುತ್ತದೆ. ಆರೋಗ್ಯವಂತ ಗಂಡಸಿಗೇ ದಿನಕ್ಕೆ 80 ಮಿಲಿಗ್ರಾಂ ಸಾಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2020ರ ಸಲಹೆ.

ಹಾಗಾದರೆ ಈ ವಿಟಮಿನ್ ಅವರಿಗೆ ವಿಷವೆ? ಅಲ್ಲ. ಇಲ್ಲಿಯೇ ಒಂದು ಸೋಜಿಗವುಂಟು. ಅತಿಯಾದ ಕಬ್ಬಿಣ ವಿಟಮಿನ್ ‘ಸಿ’ಯನ್ನು ಬೇಗ ಕರಗಿಸಿಬಿಡುವುದರಿಂದ ಇಂಥ ರೋಗಿಗಳಲ್ಲಿ ಅದರ ಕೊರತೆಯೂ ಕಾಣುತ್ತದೆ. ಕಬ್ಬಿಣವನ್ನು ಹಿಡಿದು ಹೊರಹಾಕುವ ಡೆಸ್‌ಫೆರಿಯಾಕ್ಸಮೀನ್ ಎಂಬ ಔಷಧದೊಂದಿಗೆ ವೈದ್ಯರೇ ಇದನ್ನು ಸ್ವಲ್ಪ ಸ್ವಲ್ಪವಾಗಿ ಕೊಡುವುದುಂಟು. ಎಬ್ಬಿಸಿದ ಕಬ್ಬಿಣವನ್ನು ಹಿಡಿಯಲು ಔಷಧವು ಸಿದ್ಧವಾಗಿ ನಿಂತಿರಬೇಕೆಂಬುದು ಇದರ ಮರ್ಮ. ಆದುದರಿಂದ ಚಿಕಿತ್ಸೆ ಒಂದು ತಿಂಗಳಾದರೂ ಕ್ರಮವಾಗಿ ನಡೆದ ಮೇಲೆ ಮಾತ್ರ ಪ್ರಾರಂಭಿಸುತ್ತಾರೆ. ವಯಸ್ಕರಿಗೂ ದಿನಕ್ಕೆ 200 ಮಿಲಿಗ್ರಾಂ ಮೀರಿಸುವುದಿಲ್ಲ. ಹೃದಯ ಸೋತವರಿಗೆ ಕೊಡುವುದೇ ಇಲ್ಲ.

ಈ ಎಚ್ಚರಿಕೆ ಥಲಸ್ಸೀಮಿಯದವರಿಗಷ್ಟೇ ಅಲ್ಲ. ಬೇರೆ ಕಾಯಿಲೆಗಾಗಿ ಪದೇ ಪದೇ ರಕ್ತ ಪಡೆಯುವವರಿಗೂ, ಹೀಮೊಕ್ರೊಮಟೋಸಿಸ್ ಎಂಬ ವಂಶಪಾರಂಪರ್ಯ ರೋಗದಿಂದ ಕಬ್ಬಿಣವನ್ನು ಮಿತಿಮೀರಿ ಹೀರಿಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಊಟದಲ್ಲಿ ಬರುವ ಹಣ್ಣು ತರಕಾರಿಗಳಿಗೆ ಅವರು ಅಂಜಬೇಕಾಗಿಲ್ಲ. ಅಂಜಬೇಕಾದುದು ಗುಳಿಗೆಗೆ, ಪುಡಿಗೆ, ಬಲವರ್ಧಕವೆಂದು ಮಾರುವ ಟಾನಿಕ್ಕಿಗೆ. ಟಾನಿಕ್ಕುಗಳಲ್ಲಿ ವಿಟಮಿನ್ನಿನ ಜೊತೆಗೆ ಕಬ್ಬಿಣವೂ ಇರಬಹುದು. ಸೀಸೆಯ ಮೇಲಿನ ಚೀಟಿಯನ್ನು ಓದಿ ನೋಡಿ.

ಗುಳಿಗೆ ತಂದ ಸೋದರಮಾವನನ್ನು ನೋಯಿಸಬೇಕಾಗಿಲ್ಲ. ಪೊಟ್ಟಣವನ್ನು ಒಡೆಯದೆ ಎತ್ತಿಟ್ಟು, ಮುಂದಿನ ಸಲ ರಕ್ತ ಕೊಡಿಸಲು ಹೋದಾಗ ವೈದ್ಯರಿಗೆ ತೋರಿಸಿ ಕೇಳಿದರೆ ಸಾಕು. ಮಗುವಿಗೆ ನಿಜವಾಗಿ ನೆರವಾಗಬೇಕೆಂದು ಅವನಿಗಿದ್ದರೆ ಅದಕ್ಕೂ ದಾರಿಯಿದೆ: ಅದೇ ಆಸ್ಪತ್ರೆಯ ರಕ್ತನಿಧಿಗೆ ಹೋಗಿ ಅವನು ಒಮ್ಮೆ ತೋಳು ಚಾಚಲಿ.