ಹಗರಣಕ್ಕೆಲ್ಲ ‘ಗೇಟ್’ ಏಕೆ?

ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸ್ಟೋನ್‌ಗೇಟ್, ಮಿಕಲ್‌ಗೇಟ್ ಎಂಬ ಬೀದಿಗಳಿವೆ. ಈ ‘ಗೇಟ್’ ಬಾಗಿಲಲ್ಲ. ವೈಕಿಂಗರ ನುಡಿಯಿಂದ ಬಂದ, ಬೀದಿ ಎಂಬರ್ಥದ ಪದ. ಕೋಟೆಯ ಹೆಬ್ಬಾಗಿಲಿಗೆ ಅಲ್ಲಿನವರು ‘ಬಾರ್’ ಎನ್ನುತ್ತಾರೆ. ಬಾಗಿಲೆಂಬ ‘ಗೇಟ್’ನ ಮೂಲ ಹಳೆಯ ಇಂಗ್ಲಿಷಿನ ಬೇರೆಯೇ ಪದ.

ಮೂರನೆಯ ಅರ್ಥ ಕೊಟ್ಟದ್ದು ರಾಜಕೀಯ.

1972ರ ಜೂನ್‌ನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ಪ್ರಕರಣ ಮುಚ್ಚಿಹಾಕಲು ಹೊರಟ ಅಧ್ಯಕ್ಷ ನಿಕ್ಸನ್ 1974ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಅಲ್ಲಿಂದೀಚೆಗೆ ಹಗರಣಗಳಿಗೆಲ್ಲ ‘ಗೇಟ್’ ಬಾಲ. 2018ರಲ್ಲಿ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ಆಟಗಾರ ಮರಳು ಕಾಗದದಿಂದ (ಸ್ಯಾಂಡ್‌ಪೇಪರ್) ಚೆಂಡು ಉಜ್ಜಿದ್ದೂ ‘ಸ್ಯಾಂಡ್‌ಪೇಪರ್‌ಗೇಟ್’ ಆಯಿತು.

ಕ್ರೀಡೆಯ ಮೋಸಕ್ಕೂ ಅಧಿಕಾರದ ದುರ್ಬಳಕೆಗೂ ಒಂದೇ ಹಣೆಪಟ್ಟಿ ಹಚ್ಚಿದರೆ ತಪ್ಪಿನ ತೂಕವೇ ಓದುಗರಿಗೆ ತಿಳಿಯದು. ಲಂಚವಾದರೆ ಲಂಚ, ಕಳ್ಳತನವಾದರೆ ಕಳ್ಳತನ ಎಂದೇ ಪತ್ರಿಕೆಗಳು ತಲೆಬರಹದಲ್ಲಿ ಬರೆಯಲಿ.